ಮರುಭೂಮಿಯಲ್ಲಿ ಬೈಸಿಕಲ್ ಯಾತ್ರೆ

ಸಮತಟ್ಟಾದ ಡಾಂಬರು ರಸ್ತೆಯ ಮೇಲೆ ಹದಿನೈದು ವರ್ಷದ ಆರೋಗ್ಯವಂತ ಬಾಲಕನೊಬ್ಬನು ಬೈಸಿಕಲ್ ತುಳಿಯುತ್ತ ಹೊರಟರೆ, ಮೂರು ತಾಸುಗಳಲ್ಲಿ ನಲವತ್ತು ಕಿಲೋಮೀಟರು ದೂರವನ್ನು ಕ್ರಮಿಸುವುದು ಕಷ್ಟವೇನಲ್ಲ. ಆದರೆ 1924ರಲ್ಲಿ ಮುಂಬಯಿಯ ಐವರು ತರುಣರು ಬಾಗ್ದಾದಿನಿಂದ ಅಲೆಪ್ಪೊ ನಗರದವರೆಗಿನ 956 ಕಿಲೋಮೀಟರುಗಳ ಮರುಪ್ರದೇಶವನ್ನು ಬೈಸಿಕಲ್ಲಿನ ಮೇಲೆ ದಾಟಲು 23 ದಿನಗಳನ್ನು ತೆಗೆದುಕೊಂಡರು. ಭಾಗಿಸಿ ನೋಡಿದರೆ ದಿನವೊಂದಕ್ಕೆ ಸುಮಾರು 42 ಕಿಲೋಮೀಟರು ಮಾತ್ರವಾಯಿತು. ಇವರು ದುರ್ಬಲರಾಗಿದ್ದರೇ? ಇಲ್ಲ. ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿ ಮೈಯನ್ನು ಹುರಿಗೊಳಿಸಿಕೊಂಡಿದ್ದ ಕಟ್ಟುಮಸ್ತಾದ ತರುಣರು ಅವರು. ಬಾಲಕನೊಬ್ಬನ ಮೂರು ತಾಸಿನ ಕೆಲಸಕ್ಕೆ ಅಂಥ ಬಲಶಾಲಿಗಳಿಗೆ ಇಡೀ ಒಂದು ದಿನ ಬೇಕಾದುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹೋದರೆ ಮರುಭೂಮಿಯ ಸ್ವಭಾವ, ಮನುಷ್ಯದೇಹದ ಮಿತಿ, ಬೈಸಿಕಲ್ಲೆಂಬ ಯಂತ್ರದ ಗುಣಾವಗುಣ ಇವು ಮೂರೂ ನಮಗೆ ಪರಿಚಯವಾಗುತ್ತವೆ. ತಂಡವಾಗಿ ಪ್ರಯಾಣ ಮಾಡುವುದೆಂದರೆ ಏನೆಂಬುದೂ ತಿಳಿಯುತ್ತದೆ.

ಯಾತ್ರೆಯ ಹಿನ್ನೆಲೆ

1920ರಲ್ಲಿ ಮುಂಬಯಿಯ ಓವಲ್ ಮೈದಾನದಲ್ಲಿ, ಯುರೋಪಿನಿಂದ ಭಾರತದವರೆಗೆ ಕಾಲ್ನಡಿಗೆಯಲ್ಲಿ ಬಂದಿದ್ದ ಫ್ರೆಂಚ್ ಪ್ರವಾಸಿಯೊಬ್ಬನು ತನ್ನ ಅನುಭವಗಳನ್ನು ಕುರಿತು ಭಾಷಣ ಮಾಡಿದನು. ಅದನ್ನು ಕೇಳಿದ ಪಾರಸಿ ತರುಣರ ಮನಸ್ಸಿನಲ್ಲಿ ಲೋಕಸಂಚಾರದ ಬಯಕೆ ಮೊಳೆಯಿತು. ಮೂರು ವರ್ಷಗಳ ತರುವಾಯ, 1923ನೆಯ ಅಕ್ಟೋಬರ್ 15ರಂದು, ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಜನ ಸದಸ್ಯರು ಬೈಸಿಕಲ್ಲುಗಳನ್ನೇರಿ ಭೂಪ್ರದಕ್ಷಿಣೆಗೆ ಹೊರಟರು. ಅವರು ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ, ಗುಸ್ತಾದ್ ಹಾಥಿರಾಮ್, ಕೇಕಿ ಪೋಚಖಾನಾವಾಲಾ ಮತ್ತು ನರಿಮನ್ ಕಪಾಡಿಯಾ. ನಮ್ಮ ದೇಶವು ಆಗ ಪರತಂತ್ರವಾಗಿದ್ದಿತು. ಜಗತ್ತನ್ನು ಹತ್ತಿರದಿಂದ ತಿಳಿಯಬೇಕು, ಭಾರತವನ್ನೂ ಭಾರತೀಯರನ್ನೂ ಜಗತ್ತಿಗೆ ಪರಿಚಯಿಸಬೇಕು ಎಂಬುದು ಅವರ ಹಂಬಲವಾಗಿತ್ತು.

ಪಂಜಾಬು ಮತ್ತು ಬಲೂಚಿಸ್ತಾನಗಳನ್ನು ದಾಟಿ ಅವರು ಇರಾನನ್ನು ಪ್ರವೇಶಿಸಿದರು. ಸುಮಾರು ಐದು ತಿಂಗಳು ಜೊತೆಗಿದ್ದ ನರಿಮನ್ ಕಪಾಡಿಯಾ ಸ್ವಂತ ಕಾರಣಗಳಿಂದ ತೆಹರಾನಿನಿಂದ ಊರಿಗೆ ಮರಳಿದರು. ಉಳಿದ ಐವರು ಬಾಗ್ದಾದಿಗೆ ಬಂದು, ಅಲ್ಲಿಂದ ಮೆಸೊಪೊಟೇಮಿಯಾದ ಮರುಭೂಮಿಗೆ ಇಳಿದರು. ಮುಂದೆ ಯುರೋಪು ಮತ್ತು ಅಮೆರಿಕಗಳ ಸಂಚಾರವಾಯಿತು. ಹಾಥಿರಾಮ್ ಅಮೆರಿಕದಲ್ಲಿಯೇ ನೆಲೆಸಿದರು. ಪೋಚಖಾನಾವಾಲಾ ಅಲ್ಲಿಂದ ಸ್ವದೇಶಕ್ಕೆ ಹಿಂದಿರುಗಿದರು. ಹಕೀಮ್, ಬಾಪಾಸೋಲಾ, ಭೂಮ್‌ಗಾರಾ ಈ ಮೂವರು ಮಾತ್ರ ಜಪಾನು, ಕೊರಿಯಾ, ಚೀನಾ, ಬರ್ಮಾಗಳ ಮಾರ್ಗವಾಗಿ 1928ನೆಯ ಮಾರ್ಚ್ 18ರಂದು ಮುಂಬಯಿಯನ್ನು ಸೇರಿದರು. ನಾಲ್ಕೂವರೆ ವರ್ಷಗಳಲ್ಲಿ ಅವರು ಕ್ರಮಿಸಿದ ದೂರ ಸುಮಾರು 71,000 ಕಿಲೋಮೀಟರು. ಈ ಮೂವರು ಬರೆದ ಪ್ರವಾಸಗ್ರಂಥವು 1931ರಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವರು ಜವಾಹರಲಾಲ ನೆಹರೂ ಅವರು.

ಇಷ್ಟು ದೀರ್ಘ ಯಾತ್ರೆಯಲ್ಲಿ ಆ 23 ದಿನಗಳು ಅತ್ಯಲ್ಪ ಕಾಲ. ಆದರೂ ಮರುಭೂಮಿಯ ಬೈಸಿಕಲ್ ಪ್ರಯಾಣವನ್ನು ಅರಿಯಲು ಅವಿಷ್ಟೇ ಸಾಕು.

ನೀರಿನ ಲೆಕ್ಕ

ಆ ದಾರಿಯಲ್ಲಿ ಶಾಖವು 57 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕಿದ್ದಿತೆಂದು ಈ ಯಾತ್ರೆಯ ವೃತ್ತಾಂತಗಳು ಹೇಳುತ್ತವೆ. ಹವಾಮಾನ ಕೇಂದ್ರಗಳಲ್ಲಿ ಉಷ್ಣತೆಯನ್ನು ಅಳೆಯುವುದು ನೆರಳಿನಲ್ಲಿ. ಪ್ರವಾಸಿಯಾದರೋ ಬಯಲ ಬಿಸಿಲಿನಲ್ಲಿರುತ್ತಾನೆ. ಮೇಲಿನಿಂದ ಸೂರ್ಯನ ತಾಪ, ಕೆಳಗಿನಿಂದ ಕಾದ ನೆಲದ ಝಳ, ಸುತ್ತಲೂ ಬಿಸಿಗಾಳಿ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿಯಷ್ಟಿರುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ತಂಪಾಗಿದ್ದಾಗ ದೇಹದ ಶಾಖವು ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿಯೇ ಹೆಚ್ಚು ಬಿಸಿಯಾಗಿದ್ದರೆ ಶಾಖವು ತಿರುಗಿ ಒಳಕ್ಕೆ ನುಗ್ಗುತ್ತದೆ. ಇದು ಸಾಲದೆಂಬಂತೆ, ಪೆಡಲು ತುಳಿಯುವಾಗ ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ಚಕ್ರವನ್ನು ತಿರುಗಿಸಲು ಒದಗುತ್ತದೆ. ಮಿಕ್ಕುದೆಲ್ಲ ದೇಹದೊಳಗೆ ಶಾಖವಾಗಿ ಪರಿಣಮಿಸುತ್ತದೆ.

ಹೀಗೆ ಒಳಗೂ ಹೊರಗೂ ಬೇಯುವ ದೇಹವನ್ನು ಕಾಪಾಡಲು ಪ್ರಕೃತಿಯು ಒದಗಿಸಿರುವ ಉಪಾಯ ಬೆವರು ಒಂದೇ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹೂಜಿಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ಕೊಂಡೊಯ್ಯುತ್ತದೆ. ಮನುಷ್ಯನ ಮೈಯೂ ಅಂಥದೇ ಹೂಜಿ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವು ದೇಹದಿಂದ ಹೊರಹೋಗುತ್ತದೆ. ಅಷ್ಟೇ ಶಾಖವು ಹೊರಹೋಗದೆ ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನೊಳಗೆ ಉಳಿದರೆ ಅವನ ಮೈಬಿಸಿಯು ಹತ್ತು ಡಿಗ್ರಿಗಿಂತಲೂ ಹೆಚ್ಚು ಏರಬಲ್ಲದು. ಅಂದರೆ ಅವನು ಬದುಕಿರಲಾರನು. ಬೆವರಿನ ಮಹತ್ವವು ಇದರಿಂದ ಸ್ಪಷ್ಟವಾಗುತ್ತದೆ.

ಮರುಭೂಮಿಯ ಬಿಸಿಲಿನಲ್ಲಿ ದುಡಿಯುವ ದೇಹವು ತಾಸಿಗೆ ಒಂದು ಲೀಟರಿನಷ್ಟು ಅಥವಾ ಅದಕ್ಕಿಂತಲೂ ಹೆಚ್ಚು ಬೆವರನ್ನು ಕಳೆದುಕೊಳ್ಳುತ್ತದೆ. ಒಬ್ಬನಿಗೆ ದಿನಕ್ಕೆ ಎಂಟು ಲೀಟರು ನೀರು ಬೇಕೆಂದು ಇಟ್ಟುಕೊಂಡರೂ ಐವರಿಗೆ ನಲವತ್ತು ಲೀಟರು ಬೇಕು. ಮುಂದಿನ ಬಾವಿಯು ಎರಡು ದಿನಗಳ ದಾರಿಯಾಗಿದ್ದರೆ ಎಂಬತ್ತು ಲೀಟರು, ಎಂದರೆ ತಲೆಗೆ ಹದಿನಾರು ಕಿಲೋಗ್ರಾಂ ಭಾರ. ಬಟ್ಟೆ, ಹೊದಿಕೆ, ಆಹಾರ, ಸಲಕರಣೆಗಳ ಮೇಲೆ ಇಷ್ಟು ನೀರನ್ನೂ ಹೇರಿದರೆ ಬೈಸಿಕಲ್ಲು ತುಳಿಯುವವನಿಗೆ ಇನ್ನಷ್ಟು ಶ್ರಮ. ಶ್ರಮ ಹೆಚ್ಚಿದಷ್ಟೂ ಬೆವರು, ಬೆವರು ಹೆಚ್ಚಿದಷ್ಟೂ ನೀರು. ಈ ಸುಳಿಯಿಂದ ಪಾರಾಗಲು ಇರುವ ಮಾರ್ಗವೆಂದರೆ, ದೂರವನ್ನು ಮೈಲಿಗಲ್ಲುಗಳಿಂದ ಅಳೆಯದೆ ಬಾವಿಗಳಿಂದ ಅಳೆಯುವುದು. ಇಂದು ಎಷ್ಟು ದೂರ ಹೋಗಬಲ್ಲೆವು ಎಂಬುದಕ್ಕಿಂತ ಇಂದು ಯಾವ ನೀರನ್ನು ಮುಟ್ಟಬಲ್ಲೆವು ಎಂಬುದೇ ಅಲ್ಲಿ ಮುಖ್ಯ.

ಬಾಗ್ದಾದಿನಿಂದ ಅಲೆಪ್ಪೊಗೆ ಹೋಗುವ ಪುರಾತನ ವರ್ತಕಮಾರ್ಗವು ಯೂಫ್ರೆಟಿಸ್ ನದಿಯನ್ನು ಅನುಸರಿಸಿ, ರಮಾದಿ, ಹಿಟ್, ಆನಾ, ದೇರ್ ಎಜ್ಜೋರ್ ಎಂಬ ಊರುಗಳ ಮೂಲಕ ಸಾಗುತ್ತಿತ್ತು. ನದಿಯು ಹತ್ತಿರದಲ್ಲಿದ್ದರೆ ನೀರಿನ ಚಿಂತೆ ಏಕೆಂದು ಯಾರಾದರೂ ಕೇಳಬಹುದು. ನದಿಯು ಸುತ್ತಿ ಬಳಸಿ ಹರಿಯುತ್ತದೆ. ದಾರಿಯು ಆ ಬಳಸುಗಳನ್ನು ಬಿಟ್ಟು ನಡುವಿನ ಒಣ ಪ್ರಸ್ಥಭೂಮಿಯನ್ನು ಅಡ್ಡಹಾಯುತ್ತದೆ. ನೀರು ಕೆಲವೇ ಹರದಾರಿ ದೂರದಲ್ಲಿದ್ದರೂ ಬಿಸಿಲಿನಲ್ಲಿ ಬಳಲಿದವನಿಗೆ ಅದು ಇಲ್ಲದಂತೆಯೇ ಸರಿ. ಮರುಭೂಮಿಯ ಜನರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಬಲೂಚಿಸ್ತಾನದ ಗಡಿಯನ್ನು ದಾಟಿದೊಡನೆ ಇರಾನಿನಲ್ಲಿ ಸಿಗುವ ಜಾಹೆದಾನ್ ಪಟ್ಟಣಕ್ಕೆ ಆ ಕಾಲದಲ್ಲಿ ದುಜ್ದಾಬ್ ಎಂಬ ಹೆಸರಿತ್ತು. ಪಾರಸಿ ಭಾಷೆಯಲ್ಲಿ ಅದಕ್ಕೆ ‘ನೀರುಗಳ್ಳ’ ಎಂದರ್ಥ. ನೀರನ್ನು ಕದಿಯುವ ನೆಲದಲ್ಲಿಯೇ ಅದನ್ನು ಕಾಯುವ ಜಾಣ್ಮೆಯೂ ಬೆಳೆಯಿತು. ಇರಾನಿನ ಜನರು ಬೆಟ್ಟದ ಬುಡದಿಂದ ಊರಿನವರೆಗೆ ನೆಲದಡಿಯಲ್ಲಿ ಸುರಂಗ ತೋಡಿ, ಸೂರ್ಯನ ಕಣ್ಣಿಗೆ ಬೀಳದಂತೆ ನೀರನ್ನು ತರುತ್ತಿದ್ದರು. ‘ಕನಾತ್’ ಎಂದು ಕರೆಯುವ ಈ ಕಾಲುವೆಗಳ ಮೇಲೆ ಅಲ್ಲಲ್ಲಿ ಬಾವಿಯಂತಹ ಬಾಯಿಗಳಿರುತ್ತವೆ. ಬಯಲಿನಲ್ಲಿ ಅವುಗಳ ಸಾಲು ಕಂಡರೆ ಊರು ಇದೆಯೆಂದು ಪ್ರವಾಸಿಯು ತಿಳಿಯಬಹುದು.

ನೀರಿನ ವಿಷಯದಲ್ಲಿ ಇನ್ನೆರಡು ಮಾತುಗಳು ಅವಶ್ಯ. ಒಣಹವೆಯಲ್ಲಿ ಬೆವರು ಬಂದ ಕ್ಷಣದಲ್ಲಿಯೇ ಆರಿಹೋಗುವುದರಿಂದ ಚರ್ಮವು ಒಣಗಿಯೇ ಇರುತ್ತದೆ. ನಾನು ಬೆವರುತ್ತಲೇ ಇಲ್ಲ ಎಂದು ಪ್ರವಾಸಿಯು ಮೋಸಹೋಗುವುದು ಇದರಿಂದಲೇ. ಎರಡನೆಯದಾಗಿ, ಬೆವರಿನೊಂದಿಗೆ ಉಪ್ಪೂ ಹೊರಟುಹೋಗುತ್ತದೆ. ಬರಿಯ ನೀರನ್ನೇ ವಿಪರೀತವಾಗಿ ಕುಡಿದು ಉಪ್ಪನ್ನು ಮರೆತರೆ ಸ್ನಾಯುಗಳು ಸೆಡೆತು, ಮಂಕು ಕವಿಯುವ ಅಪಾಯವುಂಟು. ಅರಬರು ‘ಲಬನ್’ ಎಂಬ ಮಜ್ಜಿಗೆಯನ್ನು ಕುಡಿಯುತ್ತಾರೆ. ಬಿಸಿಲಿನಿಂದ ಬಂದವರಿಗೆ ಉಪ್ಪು ಬೆರೆಸಿದ ಮಜ್ಜಿಗೆ ಕೊಡುವ ನಮ್ಮ ಹಿರಿಯರ ರೂಢಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಮರಳು ಮತ್ತು ಚಕ್ರ

ಮರುಭೂಮಿಯೆಂದರೆ ಕಣ್ಣು ಹರಿಯುವವರೆಗೆ ಮರಳ ದಿಬ್ಬಗಳೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಜಗತ್ತಿನ ಮರುಭೂಮಿಗಳಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಮರಳಿನದು. ಉಳಿದುದೆಲ್ಲ ಕಲ್ಲು, ಗರಸು, ಬಿರುಕುಬಿಟ್ಟ ಮಣ್ಣು, ಉಪ್ಪುನೆಲ. ಬಾಗ್ದಾದಿನ ಪಶ್ಚಿಮದ ಮರುಭೂಮಿಯೂ ಬಹುಮಟ್ಟಿಗೆ ಗರಸಿನ ಬಯಲು. ಅಂತಹ ಗಟ್ಟಿನೆಲದ ಮೇಲೆ ಬೈಸಿಕಲ್ಲು ಚೆನ್ನಾಗಿಯೇ ಓಡುತ್ತದೆ. ಆದರೆ ಚೂಪಾದ ಕಲ್ಲುಗಳು ಟೈರನ್ನು ಸೀಳುತ್ತವೆ. ಒಂಟೆಗಳು ಮೇಯುವ ಮುಳ್ಳುಗಿಡಗಳು ಟ್ಯೂಬನ್ನು ಚುಚ್ಚುತ್ತವೆ. ಮಳೆಗಾಲದ ಒಂದೆರಡು ದಿನ ಮಾತ್ರ ಹರಿಯುವ ಒಣಹಳ್ಳಗಳು ದಾರಿಗೆ ಅಡ್ಡಬರುತ್ತವೆ. ಅವುಗಳಲ್ಲಿ ಇಳಿದು, ಸಡಿಲ ಮರಳಿನಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡೋ ಹೆಗಲ ಮೇಲೆ ಹೊತ್ತೋ ಆಚೆಯ ದಡವನ್ನು ಹತ್ತಬೇಕು.

ಸಡಿಲ ಮರಳಿನಲ್ಲಿ ಬೈಸಿಕಲ್ಲು ಓಡದಿರುವುದಕ್ಕೆ ಕಾರಣಗಳು ಎರಡು. ಮೊದಲನೆಯದು, ಕಿರಿದಾದ ಟೈರು ಮರಳಿನಲ್ಲಿ ಹೂತುಹೋಗುತ್ತದೆ. ಚಕ್ರವು ಒಂದು ಅಂಗುಲ ಮುಂದೆ ಹೋದಂತೆಲ್ಲ ತನ್ನ ಎದುರಿಗೆ ತಾನೇ ಒಂದು ಸಣ್ಣ ದಿಣ್ಣೆಯನ್ನು ಕಟ್ಟಿಕೊಳ್ಳುತ್ತದೆ. ಸವಾರನು ಸಮನೆಲದಲ್ಲಿದ್ದರೂ ಸದಾ ಏರನ್ನು ಹತ್ತುತ್ತಿರುವಂತಾಗುತ್ತದೆ. ಎರಡನೆಯದು, ಬೈಸಿಕಲ್ಲು ಬೀಳದೆ ನಿಲ್ಲುವುದು ಅದರ ಮುಂಗಾಲಿಯನ್ನು ಕ್ಷಣಕ್ಷಣವೂ ಎಡಕ್ಕೆ ಬಲಕ್ಕೆ ಕೊಂಚ ಕೊಂಚ ತಿರುಗಿಸುತ್ತಿರುವುದರಿಂದ. ಸವಾರನು ಎತ್ತ ವಾಲುತ್ತಾನೋ ಅತ್ತ ಚಕ್ರವು ತಿರುಗಿ ಅವನನ್ನು ಎತ್ತಿಹಿಡಿಯುತ್ತದೆ. ಮರಳಿನಲ್ಲಿ ಹುಗಿದ ಚಕ್ರವು ಹಾಗೆ ತಿರುಗಲಾರದು. ವೇಗವೂ ಕುಗ್ಗಿರುವುದರಿಂದ ಸಮತೋಲವು ತಪ್ಪುತ್ತದೆ, ಸವಾರನು ಉರುಳುತ್ತಾನೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಒಂದು ಚಕ್ರದ ಮೇಲೆ 50 ಕಿಲೋಗ್ರಾಂ ಭಾರವಿದ್ದು, ಟೈರಿನಲ್ಲಿ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ 4 ಕಿಲೋಗ್ರಾಂ ಇದ್ದರೆ, ನೆಲವನ್ನು ಮುಟ್ಟುವ ಟೈರಿನ ಭಾಗವು ಸುಮಾರು ಹನ್ನೆರಡೂವರೆ ಚದರ ಸೆಂಟಿಮೀಟರು. ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಆ ಭಾಗವು ಇಮ್ಮಡಿಯಾಗುತ್ತದೆ. ಭಾರವು ಹಂಚಿಹೋಗಿ ಚಕ್ರವು ಕಡಿಮೆ ಹೂಳುತ್ತದೆ. ಒಂಟೆಯ ಅಗಲವಾದ ಮೆತ್ತನೆಯ ಅಂಗಾಲಿನ ರಹಸ್ಯವೂ ಇದೇ. ಇತ್ತೀಚಿನ ದಶಕಗಳಲ್ಲಿ ಮರಳಿಗೂ ಹಿಮಕ್ಕೂ ಹೊಂದುವ ನಾಲ್ಕು ಅಂಗುಲ ಅಗಲದ ಟೈರುಗಳು ಬಂದಿವೆ. 1924ರ ತರುಣರಿಗೆ ಅಂತಹ ಸೌಲಭ್ಯವಿರಲಿಲ್ಲ.

ಮರಳುಗಾಳಿ ಬೀಸಿದಾಗ ನುಣುಪಾದ ಧೂಳು ಯಂತ್ರದ ಸಂದುಸಂದಿನಲ್ಲಿಯೂ ಸೇರುತ್ತದೆ. ಚೈನಿಗೆ ಧಾರಾಳವಾಗಿ ಎಣ್ಣೆ ಬಿಡುವುದು ಊರಿನಲ್ಲಿ ಒಳ್ಳೆಯ ಅಭ್ಯಾಸ. ಮರುಭೂಮಿಯಲ್ಲಿ ಅದೇ ಎಣ್ಣೆಯು ಮರಳನ್ನು ಅಂಟಿಸಿಕೊಂಡು ಅರದಂತೆ ಉಕ್ಕನ್ನು ತೇಯುತ್ತದೆ. ಆದ್ದರಿಂದ ಎಣ್ಣೆಯನ್ನು ಹಿತಮಿತವಾಗಿ ಹಾಕಿ, ಹೊರಗಿನ ಜಿಡ್ಡನ್ನು ಬಟ್ಟೆಯಿಂದ ಒರೆಸಬೇಕಾಗುತ್ತದೆ.

ಕಾಲದ ಹಂಚಿಕೆ ಮತ್ತು ಕಣ್ಣಿನ ಭ್ರಮೆ

ಮರುಭೂಮಿಯಲ್ಲಿ ಹಗಲಿನ ಎಲ್ಲ ತಾಸುಗಳೂ ಪ್ರಯಾಣಕ್ಕೆ ಒದಗುವುದಿಲ್ಲ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಆದ್ದರಿಂದ ಹಗಲು ಕಾದ ನೆಲವು ರಾತ್ರಿ ಬಹುಬೇಗ ಆರುತ್ತದೆ. ಬೆಳಗಿನ ಜಾವಕ್ಕೆ ಹೊದಿಕೆ ಬೇಕೆನ್ನಿಸುವಷ್ಟು ತಂಪಾಗುತ್ತದೆ. ಬಲ್ಲ ಪ್ರವಾಸಿಗಳು ನಸುಕಿನಲ್ಲಿ ಹೊರಟು, ಬಿಸಿಲೇರುವ ಮುನ್ನವೇ ದಿನದ ದಾರಿಯ ಹೆಚ್ಚಿನ ಪಾಲನ್ನು ಮುಗಿಸುತ್ತಾರೆ. ನಡುಹಗಲನ್ನು ನೆರಳಿನಲ್ಲಿ ಕಳೆದು, ಇಳಿಹೊತ್ತಿನಲ್ಲಿ ಮತ್ತೆ ಕೆಲವು ಹರದಾರಿ ಸಾಗುತ್ತಾರೆ. ಮೈತುಂಬ ಸಡಿಲವಾದ ಬಟ್ಟೆಯನ್ನು ಧರಿಸುತ್ತಾರೆ. ಬರಿಮೈಗಿಂತ ಬಟ್ಟೆ ಹೊದ್ದ ಮೈಯು ಬಿಸಿಲಿನಲ್ಲಿ ಕಡಿಮೆ ನೀರನ್ನು ಕಳೆದುಕೊಳ್ಳುತ್ತದೆ. ಬೆದೂಯಿನರ ನಿಲುವಂಗಿಯು ಕೇವಲ ಅಲಂಕಾರವಲ್ಲ.

ನಡುಹಗಲಿನ ಇನ್ನೊಂದು ಅಪಾಯ ಬಿಸಿಲ್ಗುದುರೆ. ಕಾದ ನೆಲಕ್ಕೆ ಅಂಟಿದ ಗಾಳಿಯು ಮೇಲಿನ ಗಾಳಿಗಿಂತ ವಿರಳವಾಗಿರುತ್ತದೆ. ಆಕಾಶದಿಂದ ಕೆಳಗಿಳಿದ ಬೆಳಕಿನ ಕಿರಣವು ಈ ವಿರಳವಾದ ಪದರದಲ್ಲಿ ಬಾಗಿ, ಮೇಲ್ಮುಖವಾಗಿ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಕಣ್ಣಿಗೆ ಕಿರಣದ ಬಾಗು ತಿಳಿಯದು. ನೆಲದ ಮೇಲೆ ಬಿದ್ದ ಆಕಾಶದ ತುಣುಕನ್ನು ಅದು ತಿಳಿನೀರಿನ ಕೆರೆಯೆಂದು ಭ್ರಮಿಸುತ್ತದೆ. ಕೆರೆಯಂತೂ ಇಲ್ಲ, ಆದರೆ ಅದನ್ನು ನೆಚ್ಚಿ ದಾರಿ ಬಿಟ್ಟವನು ನಿಜವಾದ ಬಾವಿಯಿಂದ ದೂರವಾಗುತ್ತಾನೆ. ನಮ್ಮ ಐವರೂ ಇಂತಹ ಭ್ರಮೆಗಳನ್ನೂ ಮರಳುಗಾಳಿಗಳನ್ನೂ ಒಣಗಿದ ಗಂಟಲನ್ನೂ ಅನುಭವಿಸಿಯೇ ಅಲೆಪ್ಪೊವನ್ನು ಕಂಡರು.

ತಂಡದ ಧರ್ಮ

ಒಬ್ಬನೇ ಹೋಗುವುದಕ್ಕಿಂತ ಐವರು ಕೂಡಿ ಹೋಗುವುದು ಸುಲಭವೆಂದು ತೋರಬಹುದು. ಒಂದು ರೀತಿಯಲ್ಲಿ ಅದು ಕಠಿಣ. ಒಬ್ಬನ ಟೈರಿಗೆ ಮುಳ್ಳು ಚುಚ್ಚಿದರೆ ಐವರೂ ಬಿಸಿಲಿನಲ್ಲಿ ನಿಲ್ಲಬೇಕು. ಒಬ್ಬನಿಗೆ ಜ್ವರ ಬಂದರೆ ಐವರ ನೀರೂ ಕರಗುತ್ತದೆ. ತಂಡದ ವೇಗವು ಅತಿ ಬಲಶಾಲಿಯ ವೇಗವಲ್ಲ, ಅತಿ ನಿಧಾನಿಯ ವೇಗ. ಹಾಗಿದ್ದರೂ ಮರುಭೂಮಿಯಲ್ಲಿ ಜೊತೆಗಾರನು ಬೇಕೇಬೇಕು. ಕಾರಣವೇನೆಂದರೆ, ಶಾಖದ ಆಘಾತಕ್ಕೆ ಒಳಗಾದವನ ಬುದ್ಧಿಯೇ ಮೊದಲು ಕೆಡುತ್ತದೆ. ಅವನು ಅಸಂಬದ್ಧವಾಗಿ ಮಾತನಾಡುತ್ತಾನೆ, ತೂರಾಡುತ್ತಾನೆ, ಆದರೆ ತಾನು ಚೆನ್ನಾಗಿದ್ದೇನೆಂದೇ ಹೇಳುತ್ತಾನೆ. ತನ್ನ ಅಪಾಯವನ್ನು ತಾನು ಕಾಣಲಾರದ ಸ್ಥಿತಿ ಅದು. ಅದನ್ನು ಇನ್ನೊಬ್ಬನೇ ಕಾಣಬೇಕು.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಬಹಳ ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಹತ್ತಾರು ವಿದ್ಯಾರ್ಥಿಗಳೊಡನೆ ಬೈಸಿಕಲ್ ಪ್ರವಾಸ ಹೊರಟಿದ್ದೆ. ಅದು ಮರುಭೂಮಿಯಲ್ಲ, ನಮ್ಮದೇ ಎರೆಹೊಲಗಳ ಬಯಲುಸೀಮೆ. ಬೆಳಗಿನಿಂದ ಎಲ್ಲರಿಗಿಂತ ಮುಂದಿದ್ದ ಹುಡುಗನ ಉತ್ಸಾಹವನ್ನು ಕಂಡು ನನಗೆ ಹೆಮ್ಮೆಯಾಗಿತ್ತು. ಊಟದ ಹೊತ್ತಿಗೆ ಮುಂದಿನ ಊರನ್ನು ಸೇರೋಣವೆಂದು ನಾನೂ ಅವಸರಪಡಿಸಿದೆ. ಮಧ್ಯಾಹ್ನದ ಸುಮಾರಿಗೆ, ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಮಿತಭಾಷಿ ಬಾಲಕನೊಬ್ಬನು ನನ್ನ ಬಳಿಗೆ ಬಂದು, ಮುಂದಿನವನು ಕೇಳಿದ್ದಕ್ಕೆ ಏನೇನೋ ಉತ್ತರ ಹೇಳುತ್ತಿದ್ದಾನೆಂದು ತಿಳಿಸಿದನು. ಹೋಗಿ ನೋಡಿದರೆ ಆ ಹುಡುಗನ ಕಣ್ಣು ಕೆಂಪಾಗಿತ್ತು, ಮೈ ಕಾದ ಹಂಚಿನಂತಿತ್ತು. ತನಗೇನೂ ಆಗಿಲ್ಲವೆಂದು ಅವನು ಹಟ ಹಿಡಿದನು. ಬೇವಿನ ಮರದ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿ, ಎಚ್ಚರವಾಗಿ ನುಂಗಬಲ್ಲನೆಂದು ತಿಳಿದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಸಂಜೆಯ ವೇಳೆಗೆ ಚೇತರಿಸಿಕೊಂಡನು. ಅವನನ್ನು ಉಳಿಸಿದ್ದು ಮುಂದಾಳಾದ ನಾನಲ್ಲ, ಹಿಂದುಳಿದಿದ್ದ ಆ ಬಾಲಕನ ಕಣ್ಣು. ಮುಂದೆ ಇಂತಹ ಪ್ರವಾಸಗಳಲ್ಲಿ ನಾನು ಎಂದೂ ಮೊದಲಿಗನಾಗಿ ಹೋಗಲಿಲ್ಲ, ಕೊನೆಯವನಾಗಿಯೇ ಬಂದೆ.

ಮರುಭೂಮಿಯ ಸಂಚಾರಿಗಳ ಕಟ್ಟಳೆಗಳೆಲ್ಲ ಈ ಒಂದು ತತ್ತ್ವದಿಂದಲೇ ಹುಟ್ಟಿದವು. ಒಬ್ಬರಿಗೊಬ್ಬರು ಕಾಣುವಷ್ಟು ಅಂತರದಲ್ಲಿಯೇ ಸಾಗಬೇಕು. ಬಲಶಾಲಿಯೂ ಅನುಭವಿಯೂ ಆದವನು ಕೊನೆಯಲ್ಲಿರಬೇಕು. ನೀರನ್ನು ಒಂದೇ ಲೋಟದಿಂದ ಅಳೆದು ಎಲ್ಲರೂ ಒಟ್ಟಿಗೆ ಕುಡಿಯಬೇಕು. ಬಾಯಾರಿಕೆ ಇಲ್ಲವೆನ್ನುವವನೂ ಕುಡಿಯಲೇಬೇಕು. ದಾರಿ ತಪ್ಪಿದೆಯೆಂಬ ಸಂದೇಹ ಬಂದರೆ ಚದುರಿಹೋಗಿ ಹುಡುಕದೆ ಒಟ್ಟಾಗಿ ನಿಲ್ಲಬೇಕು.

ಅನಂತರದ ಯಾತ್ರಿಕರು

ಮುಂಬಯಿಯ ಈ ತರುಣರ ಬೆನ್ನಿಗೇ ಇತರರೂ ಹೊರಟರು. 1924ರಲ್ಲಿ ಫ್ರಾಮ್ರೋಜ್ ದಾವರ್ ಎಂಬುವರು ಒಂಟಿಯಾಗಿ ಹೊರಟು, ವಿಯೆನ್ನಾದಲ್ಲಿ ಗುಸ್ತಾವ್ ಸ್ಟಾವ್ಯಾನಿಕ್ ಎಂಬ ಜೊತೆಗಾರನನ್ನು ಪಡೆದು, ಅವನೊಂದಿಗೆ ಸಹರಾ ಮರುಭೂಮಿಯನ್ನು ದಾಟಿದರು. ಒಂಟಿಯಾಗಿ ಮನೆ ಬಿಟ್ಟವರೂ ಸಹರಾವನ್ನು ದಾಟಿದ್ದು ಜೊತೆಗಾರನೊಂದಿಗೆ ಎಂಬುದು ಗಮನಾರ್ಹ. 1933ರಲ್ಲಿ ಕೇಕಿ ಖರಾಸ್, ರುಸ್ತಂ ಗಾಂಧಿ, ರತನ್ ಶ್ರಾಫ್ ಎಂಬ ಮೂವರು ಹೊರಟು 1942ರಲ್ಲಿ ಹಿಂದಿರುಗಿದರು. ನಮ್ಮ ಕಾಲದಲ್ಲಿ ಇಂತಹ ಯಾತ್ರೆಗಳ ಸ್ವರೂಪವು ಬದಲಾಗಿದೆ. 2003ರಲ್ಲಿ ಕೈರೋ ನಗರದಿಂದ ಕೇಪ್‌ಟೌನಿನವರೆಗೆ, ಸುಡಾನಿನ ನ್ಯೂಬಿಯನ್ ಮರುಭೂಮಿಯ ಮೂಲಕ, ಬೈಸಿಕಲ್ ಸವಾರರ ತಂಡವೊಂದು ಆಫ್ರಿಕ ಖಂಡವನ್ನು ಉದ್ದಕ್ಕೂ ದಾಟಿತು. ಇಂದಿನ ಇಂತಹ ತಂಡಗಳ ಹಿಂದೆ ನೀರು, ಆಹಾರ, ಔಷಧಿಗಳನ್ನು ಹೊತ್ತ ಲಾರಿಗಳು ಬರುತ್ತವೆ. ಇರುವ ಸ್ಥಳವನ್ನು ಉಪಗ್ರಹಗಳು ತಿಳಿಸುತ್ತವೆ. ಆದರೆ ಬೆವರಿನ ಲೆಕ್ಕವು ಬದಲಾಗಿಲ್ಲ, ಮರಳಿನ ಗುಣವೂ ಬದಲಾಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಗ್ದಾದಿಗೂ ದಮಾಸ್ಕಸ್ಸಿಗೂ ನಡುವೆ ಮೋಟಾರು ಗಾಡಿಗಳ ಸೇವೆಯು 1923ರಲ್ಲಿಯೇ ಆರಂಭವಾಗಿತ್ತು. ಅದೇ ಸೀಮೆಯಲ್ಲಿ ಐವರು ತರುಣರು ಬೈಸಿಕಲ್ಲುಗಳ ಮೇಲೆ ದಿನಕ್ಕೆ 42 ಕಿಲೋಮೀಟರಿನಂತೆ ಸಾಗಿದರು. ಹೆಚ್ಚುಕಡಿಮೆ ಅದು ಒಂಟೆಗಳ ಸಾರ್ಥವೊಂದು ದಿನಕ್ಕೆ ನಡೆಯುವ ದೂರ. ಬಾವಿಯಿಂದ ಬಾವಿಗೆ, ನೆರಳಿನಿಂದ ನೆರಳಿಗೆ ಸಾಗುವವರಿಗೆ ಆ ನೆಲವು ಅದಕ್ಕಿಂತ ಹೆಚ್ಚಿನ ದೂರವನ್ನು ಸುಲಭವಾಗಿ ಕೊಡುವುದಿಲ್ಲ. ಅವರಲ್ಲಿ ಅತಿ ಬಲಶಾಲಿಯಾದವನು ಒಬ್ಬನೇ ಇನ್ನಷ್ಟು ಬೇಗ ಹೋಗಬಹುದಾಗಿತ್ತೋ ಏನೋ. ಆದರೆ ಹಾಗೆ ಹೋಗಿದ್ದರೆ, ಅವನು ತೂರಾಡಿದಾಗ ನೋಡುವವರು ಯಾರಿರುತ್ತಿದ್ದರು? ಮರುಭೂಮಿಗೆ ಇಳಿದ ಐವರಲ್ಲಿ ಒಬ್ಬನನ್ನೂ ಅದು ಕಸಿದುಕೊಳ್ಳಲಿಲ್ಲ. ಯಾತ್ರೆಯ ದಾಖಲೆಗಳಲ್ಲಿ 71,000 ಕಿಲೋಮೀಟರೆಂಬ ಅಂಕಿಯು ದೊಡ್ಡದಾಗಿ ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳು ಅದರೊಂದಿಗೆ ಈ ಚಿಕ್ಕ ಅಂಕಿಯನ್ನೂ ನೆನಪಿನಲ್ಲಿಡಲೆಂದು ನನ್ನ ಆಶಯ: ದಿನಕ್ಕೆ 42 ಕಿಲೋಮೀಟರು, ಐವರೂ ಕೂಡಿ.